ಮಿನಿಟ್ಸ್‌ನಲ್ಲಿ ‘ಯಾಕೆ’ ಬರೆಯೋಕೆ ಶುರು ಮಾಡಿದ ಮೇಲೆ

ಎಂಜಿನಿಯರಿಂಗ್ ಟೀಮಿನಲ್ಲಿ ಡಾಕ್ಯುಮೆಂಟ್ ಬರೆಯಿರಿ ಅಂದರೆ ಎಲ್ಲರಿಗೂ ಬೇಸರ. ಮೀಟಿಂಗ್‌ಗೆ ಬನ್ನಿ ಅಂದರೆ ಇನ್ನೂ ಬೇಸರ. ಮೆಷಿನ್ ಡಿಸೈನ್ ಮಾಡುವ ಸಣ್ಣ ಟೀಮುಗಳನ್ನು ನಾನು ನಡೆಸುತ್ತಾ ಬಂದಿದ್ದೇನೆ. ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಸಾಫ್ಟ್‌ವೇರ್, ಪರ್ಚೇಸ್ ಎಲ್ಲರೂ ಒಂದೇ ಟೇಬಲ್ ಸುತ್ತ ಕೂರುವಂಥ ಟೀಮುಗಳು. ಡಾಕ್ಯುಮೆಂಟ್ ಒಂದು ಕೆಲಸ, ಮೀಟಿಂಗ್ ಇನ್ನೊಂದು ಕೆಲಸ ಅಂತ ನೋಡೋದನ್ನು ಬಿಟ್ಟ ಮೇಲೆ ನಮಗೆ ಎರಡೂ ಹಗುರವಾದವು. ಅದು ಹೇಗೆ ಅಂತ ಹೇಳ್ತೀನಿ.

ಯಾವ ಪ್ರಾಜೆಕ್ಟ್ ಫೋಲ್ಡರ್ ತೆರೆದರೂ ಡ್ರಾಯಿಂಗ್ ಇರುತ್ತದೆ, ಪಾರ್ಟ್ಸ್ ಲಿಸ್ಟ್ ಇರುತ್ತದೆ, ಕೋಡ್ ಇರುತ್ತದೆ, ಟೆಸ್ಟ್ ರಿಪೋರ್ಟ್ ಇರುತ್ತದೆ. ಏನು ಮಾಡಿದ್ದೇವೆ ಅನ್ನೋದು ಅದರಲ್ಲಿ ಪೂರ್ತಿ ಸಿಗುತ್ತದೆ. ಹಾಗೇ ಯಾಕೆ ಮಾಡಿದೆವು ಅನ್ನೋದು ಮಾತ್ರ ಎಲ್ಲೂ ಇರಲ್ಲ. ಅದು ಇಬ್ಬರು ಮೂವರ ತಲೆಯಲ್ಲಿರುತ್ತದೆ. ಅವರಲ್ಲಿ ಒಬ್ಬರು ಕೆಲಸ ಬಿಟ್ಟರು, ಇನ್ನೊಬ್ಬರಿಗೆ ಮರೆತುಹೋಯಿತು ಅಂದರೆ ಮುಗೀತು. ಆಮೇಲೆ ಬಂದವರು ಅದೇ ಚರ್ಚೆಯನ್ನು ಮೊದಲಿಂದ ಮಾಡಬೇಕು. ಇಲ್ಲಾಂದ್ರೆ ಹೆದರಿ ಯಾವುದನ್ನೂ ಮುಟ್ಟದೆ ಬಿಡಬೇಕು.

ಸಾಫ್ಟ್‌ವೇರ್‌ನವರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ‘ಆರ್ಕಿಟೆಕ್ಚರ್ ಡಿಸಿಷನ್ ರೆಕಾರ್ಡ್’ ಅಂತ ಕರೆಯುತ್ತಾರೆ. 2011ರಿಂದೀಚೆಗೆ ಅದು ಚೆನ್ನಾಗಿ ಬಳಕೆಗೆ ಬಂತು. ಒಂದೊಂದು ದೊಡ್ಡ ನಿರ್ಧಾರಕ್ಕೆ ಒಂದೊಂದು ಪುಟ್ಟ ಟಿಪ್ಪಣಿ, ಅಷ್ಟೇ. ಪರಿಸ್ಥಿತಿ ಏನಿತ್ತು, ಏನು ನಿರ್ಧಾರ ಮಾಡಿದೆವು, ಅದರಿಂದ ಏನಾಗುತ್ತದೆ ಅಂತ ಬರೆಯೋದು. ನಾನು ಅದನ್ನೇ ಮೆಷಿನ್ ಕೆಲಸಕ್ಕೆ ಎತ್ತಿಕೊಂಡೆ. ಎರಡು ಸಾಲು ಜಾಸ್ತಿ ಸೇರಿಸಿದೆ. ಬಾಕ್ಸ್‌ಗಳನ್ನು ಒಂದೊಂದೇ ನಿಲ್ದಾಣಕ್ಕೆ ತಳ್ಳುವ ಒಂದು ಕನ್ವೇಯರ್‌ಗೆ ಮೋಟರ್ ಆರಿಸಿದಾಗ ಬರೆದದ್ದು ಹೆಚ್ಚುಕಮ್ಮಿ ಹೀಗಿತ್ತು (ಎನ್‌ಕೋಡರ್ ಅಂದರೆ ಮೋಟರ್ ಎಷ್ಟು ತಿರುಗಿತು ಅಂತ ಅಳೆಯುವ ಸೆನ್ಸರ್, ಸ್ಟೆಪ್ಪರ್ ಅಂದರೆ ಪುಟ್ಟ ಪುಟ್ಟ ಹೆಜ್ಜೆಗಳಲ್ಲಿ ತಿರುಗುವ ಮೋಟರ್, ಸರ್ವೊ ಅಂದರೆ ನಿಖರ ಹಿಡಿತಕ್ಕೆಂದೇ ಮಾಡಿದ ಮೋಟರ್):

ನಿರ್ಧಾರ: ಬೆಲ್ಟ್‌ಗೆ ಎನ್‌ಕೋಡರ್ ಇರುವ ಡಿಸಿ ಮೋಟರ್.
ಕಾರಣ: ಬಾಕ್ಸ್ ಸಿಕ್ಕಿಹಾಕಿಕೊಂಡರೆ ಸ್ಟೆಪ್ಪರ್ ಮೋಟರ್ ಸ್ಟೆಪ್ ಕಳೆದುಕೊಳ್ಳುತ್ತದೆ. ಎನ್‌ಕೋಡರ್ ಇಲ್ಲದೆ ಓಡಿಸಿದರೆ ಅದು ಕಂಟ್ರೋಲರ್‌ಗೆ ಗೊತ್ತೇ ಆಗಲ್ಲ.
ಬಿಟ್ಟದ್ದು: ಸ್ಟೆಪ್ಪರ್ (ಮೇಲಿನ ಕಾರಣ). ಸರ್ವೊ (ಅದನ್ನು ಓಡಿಸುವ ಡ್ರೈವ್ ಸೇರಿ ಬಜೆಟ್ ಮೀರುತ್ತದೆ).
ಪರಿಣಾಮ: ಬ್ರಷ್ ಸವೆಯುತ್ತದೆ, ಮೆಂಟೆನೆನ್ಸ್ ಪಟ್ಟಿಗೆ ಸೇರಿಸಬೇಕು. ಟ್ಯೂನಿಂಗ್‌ಗೆ ಸಾಫ್ಟ್‌ವೇರ್‌ನವರಿಗೆ ಸಮಯ ಬೇಕು.
ಮತ್ತೆ ಯಾವಾಗ ನೋಡಬೇಕು: ಬಾಕ್ಸ್ ತೂಕ ಈಗಿನದಕ್ಕಿಂತ ಹೆಚ್ಚಿಸಿದರೆ.

‘ಬಿಟ್ಟದ್ದು’ ಮತ್ತು ‘ಮತ್ತೆ ಯಾವಾಗ ನೋಡಬೇಕು’, ಇವೆರಡು ನಾನು ಸೇರಿಸಿದ ಸಾಲುಗಳು. ಟೀಮಿಗೆ ಹೊಸದಾಗಿ ಬಂದ ಎಲೆಕ್ಟ್ರಿಕಲ್ ಎಂಜಿನಿಯರ್ “ಇದಕ್ಕೆ ಸ್ಟೆಪ್ಪರ್ ಸಾಕಿತ್ತಲ್ವಾ?” ಅಂತ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಯಾರೂ ವಾದಕ್ಕೆ ಇಳಿಯಲಿಲ್ಲ, ಟಿಪ್ಪಣಿ ತೆರೆದು ತೋರಿಸಿದೆವು. ಕೊನೆಯ ಸಾಲಿನ ಉಪಯೋಗ ಆಮೇಲೆ ಗೊತ್ತಾಯಿತು. ಬಾಕ್ಸ್ ಭಾರ ಮಾಡಬೇಕು ಅಂತ ಗ್ರಾಹಕರು ಕೇಳಿದ ದಿನ ಫೋಲ್ಡರ್‌ನಲ್ಲಿ ‘ತೂಕ’ ಅಂತ ಹುಡುಕಿದೆವು. ತೂಕವನ್ನು ನೆಚ್ಚಿಕೊಂಡು ಏನೇನು ನಿರ್ಧಾರ ಮಾಡಿದ್ದೆವೋ ಅಷ್ಟೂ ಒಟ್ಟಿಗೆ ಎದುರು ಬಂತು. ಮೋಟರ್ ಒಂದೇ ಅಲ್ಲ, ಫ್ರೇಮಿನ ದಪ್ಪ, ಗೇರ್ ರೇಷಿಯೊ, ನಿಲ್ಲಿಸುವ ದೂರ ಎಲ್ಲ.

ಒಂದು ನಿಯಮ ಮಾತ್ರ ಬಿಗಿಯಾಗಿ ಹಿಡಿದಿದ್ದೇನೆ. ನಿರ್ಧಾರ ಬದಲಾದರೆ ಹಳೇ ಟಿಪ್ಪಣಿ ಅಳಿಸಬಾರದು, ತಿದ್ದಲೂಬಾರದು. ‘ಇದು ರದ್ದು, ಹೊಸದು ಇಲ್ಲಿದೆ’ ಅಂತ ಮೇಲೆ ಬರೆದು ಹಾಗೇ ಬಿಡಬೇಕು. ಲ್ಯಾಬ್ ನೋಟ್‌ಬುಕ್ ಬರೆದವರಿಗೆ ಇದು ಹೊಸದಲ್ಲ. ಪುಟಕ್ಕೆ ನಂಬರ್, ಪೆನ್ನಿನ ಬರಹ, ತಪ್ಪಾದರೆ ಓದಲು ಬರುವಂತೆ ಒಂದೇ ಗೆರೆ, ಕೊನೆಗೆ ತಾರೀಖು ಮತ್ತು ಸಹಿ. ಅಮೆರಿಕದಲ್ಲಿ 2013ರ ಮಾರ್ಚ್‌ವರೆಗೂ ಮೊದಲು ಅರ್ಜಿ ಹಾಕಿದವರಿಗಲ್ಲ, ಮೊದಲು ಕಂಡುಹಿಡಿದವರಿಗೆ ಪೇಟೆಂಟ್ ಸಿಗುತ್ತಿತ್ತು. ಆ ಕಾಲದಲ್ಲಿ ಸಾಕ್ಷಿ ಸಹಿ ಇರುವ ನೋಟ್‌ಬುಕ್‌ಗೆ ಕೋರ್ಟಿನಲ್ಲಿ ದೊಡ್ಡ ಬೆಲೆ. ನಮಗೆ ಕೋರ್ಟಿನ ಚಿಂತೆ ಇಲ್ಲ. ಆದರೂ ಆ ಶಿಸ್ತು ಒಳ್ಳೆಯದೇ.

ಫೈಲ್ ಹೆಸರಿನ ಬಗ್ಗೆ ಜಾಸ್ತಿ ಹೇಳಲ್ಲ. ‘ಫೈನಲ್’, ‘ಫೈನಲ್ 2’, ‘ನಿಜವಾದ ಫೈನಲ್’ ಬೇಡ. ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ತಾರೀಖು ಹಾಕಿದರೆ ಫೈಲುಗಳು ತಾವೇ ಸಾಲಾಗಿ ನಿಲ್ಲುತ್ತವೆ. ಡ್ರಾಯಿಂಗ್‌ಗೆ ರಿವಿಷನ್ ಅಕ್ಷರ ಸಾಕು.

ಇನ್ನು ಮೀಟಿಂಗ್. ಈ ಟಿಪ್ಪಣಿಗಳನ್ನು ಮೀಟಿಂಗ್ ಮುಗಿದ ಮೇಲೆ ಒಬ್ಬರೇ ಕೂತು ಬರೆಯೋದು ಆಗದ ಮಾತು. ಒಂದೆರಡು ಸಲ ಬರೆಯುತ್ತಾರೆ, ಆಮೇಲೆ ನಿಂತುಹೋಗುತ್ತದೆ. ಅದಕ್ಕೇ ನಾವು ಮೀಟಿಂಗ್‌ನಲ್ಲೇ ಬರೆಯುತ್ತೇವೆ. ಮಿನಿಟ್ಸ್, ಅಂದರೆ ಮೀಟಿಂಗ್‌ನ ನಡಾವಳಿ, ಎಲ್ಲರಿಗೂ ಕಾಣುವ ಹಾಗೆ ಸ್ಕ್ರೀನ್ ಮೇಲಿರುತ್ತದೆ. ಒಬ್ಬರು ಮೀಟಿಂಗ್ ನಡೆಸುತ್ತಾರೆ, ಇನ್ನೊಬ್ಬರು ಟೈಪ್ ಮಾಡುತ್ತಾರೆ. ಬರೆದದ್ದು ತಪ್ಪಾಗಿದ್ದರೆ “ನಾನು ಹಾಗೆ ಹೇಳಲಿಲ್ಲ” ಅನ್ನೋ ಮಾತು ಅಲ್ಲೇ ಬರುತ್ತದೆ, ವಾರ ಬಿಟ್ಟು ಮೇಲ್‌ನಲ್ಲಿ ಬರಲ್ಲ. ಟೈಪ್ ಮಾಡುವ ಕೆಲಸವನ್ನು ಎಷ್ಟೋ ಟೀಮುಗಳಲ್ಲಿ ಯಾವಾಗಲೂ ಹೊಸಬರ ತಲೆಗೇ ಕಟ್ಟುತ್ತಾರೆ, ಇಲ್ಲವೇ ಟೀಮಿನಲ್ಲಿರುವ ಒಬ್ಬಳೇ ಹುಡುಗಿಯ ತಲೆಗೆ. ನನಗೆ ಅದು ಸರಿಬರಲ್ಲ. ಬರೆಯುವವರಿಗೆ ವಾದ ಮಾಡೋಕೆ ಪುರುಸೊತ್ತು ಸಿಗಲ್ಲ. ಹಾಗಾಗಿ ಆ ವಿಷಯದಲ್ಲಿ ಹೇಳೋದು ಕಡಿಮೆ ಇರುವವರೇ ಆ ಹೊತ್ತಿಗೆ ಬರೆಯುತ್ತಾರೆ. ವಿಷಯ ಬದಲಾದರೆ ಕೀಬೋರ್ಡ್ ಕೈ ಬದಲಾಗುತ್ತದೆ.

ಅಜೆಂಡಾದಲ್ಲಿ ಪ್ರತಿ ಸಾಲೂ ಪ್ರಶ್ನೆಯಾಗಿರಬೇಕು. ‘ಮೋಟರ್ ಬಗ್ಗೆ ಚರ್ಚೆ’ ಅಂತ ಹಾಕಿದರೆ ಚರ್ಚೆ ಆಗುತ್ತದೆ, ಬೇರೇನೂ ಆಗಲ್ಲ. ‘ಮೂರರಲ್ಲಿ ಯಾವ ಮೋಟರ್‌ಗೆ ಆರ್ಡರ್ ಹಾಕೋಣ?’ ಅಂತ ಹಾಕಿದರೆ ಯಾವಾಗ ನಿಲ್ಲಿಸಬೇಕು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ‘ಯಾರ ಕೆಲಸ ಎಲ್ಲಿಗೆ ಬಂತು’ ಅಂತ ಒಬ್ಬೊಬ್ಬರಾಗಿ ಒಪ್ಪಿಸೋದನ್ನು ಪೂರ್ತಿ ತೆಗೆದುಬಿಟ್ಟೆವು. ಅದನ್ನು ಹಿಂದಿನ ದಿನವೇ ಎರಡು ಸಾಲು ಬರೆದು ಹಾಕಿದರೆ ಸಾಕು. ಹೇಗೂ ಒಬ್ಬರು ಹೇಳುವಾಗ ಉಳಿದವರು ಫೋನ್ ನೋಡುತ್ತಿರುತ್ತಾರೆ.

ಮೊದಲೇ ಕಳಿಸಿದ್ದನ್ನು ಯಾರೂ ಓದಿ ಬರಲ್ಲ ಅನ್ನೋದು ಎಲ್ಲ ಕಡೆಯ ದೂರು. ಅಮೆಜಾನ್ ಕಂಪನಿ 2004ರಲ್ಲಿ ದೊಡ್ಡ ಮೀಟಿಂಗ್‌ಗಳಿಂದ ಸ್ಲೈಡ್ ತೆಗೆದು ಬರಹ ತಂದಿತು. ಮೀಟಿಂಗ್ ಶುರುವಿನಲ್ಲಿ ಎಲ್ಲರೂ ಸುಮ್ಮನೆ ಕೂತು ಅದನ್ನು ಓದುತ್ತಾರೆ. ಕೇಳಿದಾಗ ನಾಟಕ ಅನ್ನಿಸಿತ್ತು. ಮಾಡಿ ನೋಡಿದ ಮೇಲೆ ಬಿಟ್ಟಿಲ್ಲ. ನಮ್ಮದು ಒಂದೇ ಪುಟ, ಐದು ನಿಮಿಷ ಸಾಕು. ಓದದೇ ಬಂದವರಿಗಾಗಿ ಓದಿದವರು ಮತ್ತೆ ಕೇಳಿಸಿಕೊಳ್ಳುವ ಶಿಕ್ಷೆ ತಪ್ಪುತ್ತದೆ.

ಅಭಿಪ್ರಾಯ ಕೇಳುವಾಗ ಕಿರಿಯರಿಂದ ಶುರು ಮಾಡುತ್ತೇನೆ. ಲೀಡ್ ಮೊದಲೇ ಬಾಯಿಬಿಟ್ಟರೆ ಉಳಿದವರೆಲ್ಲ “ಹೌದು ಸರ್”.

ನಮ್ಮ ಮೀಟಿಂಗ್‌ಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತುಕತೆ ಒಂದಿದೆ.

“ಆ ಸೆನ್ಸರ್ ವಿಷಯ ವೆಂಡರ್ ಹತ್ರ ಮಾತಾಡ್ತೀವಿ ಸರ್.”
“ಯಾರು ಮಾತಾಡ್ತೀರಿ?”
ಇಬ್ಬರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. “ನಾನೇ ಮಾತಾಡ್ತೀನಿ.”
“ಯಾವತ್ತೊಳಗೆ?”
“ಗುರುವಾರ.”
“ಏನು ಕೈಗೆ ಬಂದ್ರೆ ಮುಗೀತು ಅಂತ?”
“ಡೆಲಿವರಿ ಡೇಟ್ ಮೇಲ್‌ನಲ್ಲಿ ಬಂದ್ರೆ.”

ಮಿನಿಟ್ಸ್‌ಗೆ ಹೋಗೋದು ಕೊನೆಯ ಮೂರು ಉತ್ತರ, ‘ನಾನೇ’ ಅನ್ನೋ ಕಡೆ ಹೆಸರು. ಒಂದು ಕೆಲಸಕ್ಕೆ ಒಂದೇ ಹೆಸರು. ಎರಡು ಹೆಸರು ಹಾಕಿದರೆ ಇಬ್ಬರೂ ಇನ್ನೊಬ್ಬರು ಮಾಡುತ್ತಾರೆ ಅಂದುಕೊಳ್ಳುತ್ತಾರೆ. ಮುಂದಿನ ಮೀಟಿಂಗ್ ಶುರುವಾಗೋದೇ ಈ ಪಟ್ಟಿಯಿಂದ. ದಾರಿ ತಪ್ಪಿದ ಚರ್ಚೆಗಳನ್ನು ಪುಟದ ಕೊನೆಯಲ್ಲಿ ‘ಆಮೇಲೆ’ ಅಂತ ಬರೆದು ಮುಂದೆ ಹೋಗುತ್ತೇವೆ. ಅದರಲ್ಲಿ ಅರ್ಧಕ್ಕರ್ಧ ಮತ್ತೆ ಯಾರೂ ಕೇಳಲ್ಲ. ಅದೂ ಒಳ್ಳೆಯದೇ.

ಇಷ್ಟೆಲ್ಲ ಮಾಡಿದರೂ ಕೈಗೆ ಸಿಗದೆ ಜಾರೋದು ಮೀಟಿಂಗ್ ಹೊರಗಿನ ಮಾತು. ಮಂಗಳ ಗ್ರಹಕ್ಕೆ ಹೊರಟ ನಾಸಾದ ನೌಕೆ ಮಾರ್ಸ್ ಕ್ಲೈಮೇಟ್ ಆರ್ಬಿಟರ್ 1999ರ ಸೆಪ್ಟೆಂಬರ್‌ನಲ್ಲಿ ಕಳೆದುಹೋದ ಕಥೆ ಎಲ್ಲ ಎಂಜಿನಿಯರಿಗೂ ಗೊತ್ತು. ಒಂದು ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಸಂಖ್ಯೆ ಕೊಟ್ಟಿತು, ಇನ್ನೊಂದು ಕಡೆಯವರು ಅದನ್ನು ನ್ಯೂಟನ್ ಅಂದುಕೊಂಡರು. ಸುಮಾರು ನಾಲ್ಕೂವರೆ ಪಟ್ಟು ವ್ಯತ್ಯಾಸ. ಈ ಕಥೆಯಲ್ಲಿ ಜನ ಕಡಿಮೆ ಹೇಳುವ ಭಾಗ ಬೇರೆ. ಯಾವ ಯೂನಿಟ್ ಬಳಸಬೇಕು ಅಂತ ಹೇಳುವ ಇಂಟರ್‌ಫೇಸ್ ಡಾಕ್ಯುಮೆಂಟ್ (ಎರಡು ಭಾಗ ಒಂದಕ್ಕೊಂದು ಹೇಗೆ ಹೊಂದಬೇಕು ಅಂತ ಬರೆದ ದಾಖಲೆ) ಇತ್ತು. ದಾರಿ ಲೆಕ್ಕ ಹಾಕುವವರಿಗೆ ಏನೋ ಸರಿಯಿಲ್ಲ ಅನ್ನಿಸಿಯೂ ಇತ್ತು. ಆ ಅನುಮಾನ ಸಮಸ್ಯೆಗಳನ್ನು ದಾಖಲಿಸುವ ಅಧಿಕೃತ ದಾರಿಯಲ್ಲಿ ಹೋಗಿ ಬಗೆಹರಿಯಲಿಲ್ಲ.

ನಮ್ಮ ಟೀಮಿನಲ್ಲೂ ಇಂಟರ್‌ಫೇಸ್‌ಗೆ ಒಂದು ಪುಟ ಇದೆ. ಯಾವ ಪಿನ್‌ಗೆ ಯಾವ ವೈರು, ಯಾವ ಸಂಖ್ಯೆಗೆ ಯಾವ ಯೂನಿಟ್, ಸೊನ್ನೆ ಎಲ್ಲಿ, ಬೆಲ್ಟ್ ಯಾವ ಕಡೆ ತಿರುಗಿದರೆ ಪ್ಲಸ್, ಇಷ್ಟು ಅದರಲ್ಲಿರುತ್ತದೆ. ಎರಡೂ ಕಡೆಯವರ ಹೆಸರಿಲ್ಲದೆ ಅದನ್ನು ಬದಲಾಯಿಸುವ ಹಾಗಿಲ್ಲ. ಆದರೂ ಚಾಟ್‌ನಲ್ಲಿ “ಸೆನ್ಸರ್ ಎರಡು ಮಿಲಿಮೀಟರ್ ಸರಿಸಿದ್ದೀನಿ, ಓಕೆನಾ?” ಅಂತ ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಹೆಬ್ಬೆಟ್ಟು ಒತ್ತುತ್ತಾರೆ. ನಿರ್ಧಾರ ಆಗಿಹೋಯಿತು! ಚಾಟ್ ಬೇಡ ಅಂದರೆ ಯಾರೂ ಕೇಳಲ್ಲ, ನನಗೂ ಅದು ಬೇಕು. ಅದಕ್ಕೆ ಅಜೆಂಡಾದಲ್ಲಿ ಬಾಕಿ ಕೆಲಸಗಳ ಪಟ್ಟಿ ಮುಗಿದ ಕೂಡಲೇ ‘ಕಳೆದ ಮೀಟಿಂಗ್ ಆದಮೇಲೆ ಫೋನ್‌ನಲ್ಲಿ, ಚಾಟ್‌ನಲ್ಲಿ ಏನೇನು ಒಪ್ಪಿಕೊಂಡಿರಿ?’ ಅನ್ನೋ ಪ್ರಶ್ನೆ ಕಾಯಂ ಆಗಿ ಇಟ್ಟಿದ್ದೇವೆ. ಮೊದಮೊದಲು ಯಾರೂ ಏನೂ ಹೇಳುತ್ತಿರಲಿಲ್ಲ. ಈಗ ಆ ಸಾಲಿಗೆ ಬಂದಾಗ ಎಲ್ಲರೂ ಫೋನ್ ತೆಗೆದು ಹಳೇ ಮೆಸೇಜ್ ಹುಡುಕುತ್ತಾರೆ. ಮೀಟಿಂಗ್‌ನಲ್ಲಿ ಫೋನ್ ನೋಡೋಕೆ ನಾನು ಒಪ್ಪುವ ಹೊತ್ತು ಅದೊಂದೇ.