ಎಂಸಿಬಿ ಲೈನ್‌ನಲ್ಲಿ ಒಂದೇ ಬೆಂಚಿನ ಬೆನ್ನು ಹತ್ತಿದ್ದು: ನನ್ನ ಅನುಭವ

ಮನೆಯ ಮೀಟರ್ ಬೋರ್ಡಿನಲ್ಲಿ ಎಂಸಿಬಿ ನೋಡಿರುತ್ತೀರಿ. ಲೋಡ್ ಜಾಸ್ತಿಯಾದರೆ ಟಪ್ ಅಂತ ಬೀಳುತ್ತದಲ್ಲ, ಅದೇ. ಹಲವು ದೇಶಗಳಲ್ಲಿ ಕಾರ್ಖಾನೆ ಇರುವ ಒಂದು ಎಲೆಕ್ಟ್ರಿಕಲ್ ಕಂಪನಿ ಅದನ್ನು ಪೀಣ್ಯದ ಕಡೆಯೂ ತಯಾರಿಸುತ್ತದೆ. ಅಲ್ಲಿ ಪ್ರೊಡಕ್ಷನ್ ನೋಡಿಕೊಳ್ಳುವುದು ನನ್ನ ಕೆಲಸ. ಪ್ರತಿ ತಿಂಗಳೂ ಎಲ್ಲ ದೇಶಗಳ ಕಾರ್ಖಾನೆಗಳ ಅಂಕಿಗಳು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರುತ್ತವೆ. ಅದರಲ್ಲಿ ನಮ್ಮ ಮಷಿನ್‌ಗಳ ಅಂಕಿ ಚೆನ್ನಾಗಿಯೇ ಇರುತ್ತಿತ್ತು. ಆದರೆ ಹೇಳಿದ ದಿನಕ್ಕೆ ಮಾಲು ಹೊರಡುತ್ತಿರಲಿಲ್ಲ. ಎರಡೂ ಒಟ್ಟಿಗೆ ಹೇಗೆ ಸಾಧ್ಯ ಅನ್ನುವುದೇ ನನ್ನನ್ನು ಕಾಡಿದ ಪ್ರಶ್ನೆ.

ಆ ಅಂಕಿಯ ಹೆಸರು ಓಇಇ. ಮಷಿನ್ ಎಷ್ಟು ಹೊತ್ತು ಓಡಿತು, ಓಡಬೇಕಾದ ವೇಗದಲ್ಲಿ ಓಡಿತಾ, ಬಂದ ಮಾಲಿನಲ್ಲಿ ಸರಿಯಾದದ್ದು ಎಷ್ಟು, ಈ ಮೂರನ್ನೂ ಗುಣಿಸಬೇಕು. ಶೇ 90, 95, 99 ಇದ್ದರೆ ಉತ್ತರ ಸುಮಾರು 84.6. ಈ ಲೆಕ್ಕವನ್ನು ಬೆಳೆಸಿದವರು ಜಪಾನಿನ ಸೆಯಿಚಿ ನಕಾಜಿಮಾ. 85 ಬಂದರೆ ಉತ್ತಮ ಅನ್ನುವ ಮಾತು ಇಂದಿಗೂ ಎಲ್ಲ ಕಾರ್ಖಾನೆಗಳಲ್ಲಿ ಓಡಾಡುತ್ತದೆ. ಒಂದು ಮಷಿನ್ ಹೇಗಿದೆ ಅಂತ ತಿಳಿಯಲು ಇದು ಒಳ್ಳೆಯ ಅಳತೆ. ಇಡೀ ಲೈನ್ ಹೇಗಿದೆ ಅಂತ ಇದು ಹೇಳುವುದಿಲ್ಲ.

ಹಾಗಾಗಿ ಹಾಳೆ ಬದಿಗಿಟ್ಟು ಲೈನ್ ಉದ್ದಕ್ಕೂ ನಡೆದೆ. ಟ್ರೇಗಳು ಎಲ್ಲಿ ಗುಡ್ಡೆ ಬೀಳುತ್ತವೆ ಅಂತ ನೋಡಿದರೆ ಸಾಕು, ಜಾಗ ತಾನಾಗಿ ಗೊತ್ತಾಗುತ್ತದೆ. ನಮ್ಮಲ್ಲಿ ಅವು ಗುಡ್ಡೆ ಬೀಳುತ್ತಿದ್ದದ್ದು ಕ್ಯಾಲಿಬ್ರೇಷನ್ ಬೆಂಚಿನ ಮುಂದೆ, ಅಂದರೆ ಎಂಸಿಬಿ ಸರಿಯಾದ ಹೊತ್ತಿಗೆ ಬೀಳುವ ಹಾಗೆ ಹೊಂದಿಸುವ ಕಡೆ.

ಇದಕ್ಕೆ ಕಾರಣವಿದೆ. ಎಂಸಿಬಿ ಒಳಗೆ ಎರಡು ಲೋಹ ಬೆಸೆದ ಒಂದು ಪಟ್ಟಿ ಇರುತ್ತದೆ, ಬೈಮೆಟಲ್. ಕರೆಂಟ್ ಹರಿದು ಬಿಸಿಯಾದಾಗ ಅದು ಬಾಗಿ ಲಿವರ್ ಬೀಳಿಸುತ್ತದೆ. ಮನೆಬಳಕೆಯ ಎಂಸಿಬಿಗೆ ಐಇಸಿ 60898 ಅನ್ನುವ ಮಾನದಂಡವಿದೆ. ಅದರ ಪ್ರಕಾರ ನಮೂದಿಸಿದ ಕರೆಂಟಿನ 1.13 ಪಟ್ಟು ಹರಿದರೆ ಒಂದು ಗಂಟೆ ಬೀಳಬಾರದು, 1.45 ಪಟ್ಟು ಹರಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು. ಲೈನ್‌ನಲ್ಲಿ ಒಂದೊಂದಕ್ಕೂ ಗಂಟೆ ಕಾಯಲು ಆಗುವುದಿಲ್ಲ. ಅದಕ್ಕೇ ಜಾಸ್ತಿ ಕರೆಂಟ್ ಕೊಟ್ಟು, ಗೊತ್ತುಮಾಡಿದ ಸೆಕೆಂಡುಗಳೊಳಗೆ ಬೀಳುವ ಹಾಗೆ ಸ್ಕ್ರೂ ತಿರುಗಿಸಿ, ಸೀಲ್ ಮಾಡುತ್ತಾರೆ. ಲೋಹ ಬಿಸಿಯಾಗಲು ಬೇಕಾದಷ್ಟು ಹೊತ್ತು ಬೇಕೇ ಬೇಕು. ಅಲ್ಲಿ ಕೂತವರಿಗೆ ಬೇಗ ಬೇಗ ಅಂದರೆ ಏನೂ ಆಗುವುದಿಲ್ಲ. ಅವಸರ ಮಾಡಿದರೆ ಯಾರದೋ ಮನೆಯ ವೈರ್ ಸುಡುತ್ತದೆ.

ವೇಗ ಹೆಚ್ಚಿಸಲು ಆಗದಿದ್ದರೆ ನಿಲ್ಲದ ಹಾಗೆ ನೋಡಿಕೊಳ್ಳಬಹುದು, ಅಲ್ವಾ? ಮೊದಲು ಕೈ ಹಾಕಿದ್ದು ಟೀ ಮತ್ತು ಊಟದ ವೇಳೆಗೆ. 480 ನಿಮಿಷದ ಶಿಫ್ಟ್‌ನಲ್ಲಿ ಎರಡು ಟೀ, ಒಂದು ಊಟ ಸೇರಿದರೆ ಹತ್ತಿರ ಹತ್ತಿರ ಒಂದು ಗಂಟೆ. ಎಲ್ಲರೂ ಒಟ್ಟಿಗೆ ಎದ್ದರೆ ಆ ಬೆಂಚಿನ ಹೊತ್ತಿನಲ್ಲಿ ಎಂಟನೇ ಒಂದು ಭಾಗ ಹೋಯಿತು. ಯಾರ ವಿರಾಮವನ್ನೂ ಒಂದು ನಿಮಿಷ ಕಡಿಮೆ ಮಾಡದೆ ಸರದಿ ಹಾಕಿದೆವು. ಪಕ್ಕದ ಸ್ಟೇಷನ್‌ನ ಇಬ್ಬರಿಗೆ ಕ್ಯಾಲಿಬ್ರೇಷನ್ ಕಲಿಸಿದೆವು. ಕಲಿತ ಮೇಲೆ ಅವರ ಗ್ರೇಡ್ ಏರಿಸಬೇಕು ಅಂತ ನಾನು ಹಟ ಹಿಡಿದೆ. ಎರಡು ಕೆಲಸ ಬಲ್ಲವರಿಗೆ ಒಂದು ಕೆಲಸದ ಸಂಬಳ ಕೊಟ್ಟರೆ ಇಂಥ ಏರ್ಪಾಡು ಬಹಳ ದಿನ ನಿಲ್ಲುವುದಿಲ್ಲ.

ಆಮೇಲಿನದು ರಿಜೆಕ್ಷನ್. ವೆಲ್ಡಿಂಗ್ ಸರಿ ಇಲ್ಲದ, ಲಿವರ್ ಸಿಕ್ಕಿಕೊಳ್ಳುವ ಪೀಸುಗಳೂ ಬೆಂಚಿಗೆ ಬಂದು, ಅಷ್ಟು ಹೊತ್ತು ಕಾದು, ಕಡೆಗೆ ಫೇಲ್ ಆಗುತ್ತಿದ್ದವು. ಬೆಂಚಿಗಿಂತ ಮುಂಚೆಯೇ ಕೈಯಲ್ಲಿ ಆನ್-ಆಫ್ ಮಾಡಿ, ಕರೆಂಟ್ ದಾಟುತ್ತದಾ ಅಂತ ನೋಡುವ ಒಂದು ಸಣ್ಣ ಫಿಕ್ಸ್ಚರ್ ಇಟ್ಟೆವು. ಅದಕ್ಕೆ ದೊಡ್ಡ ಖರ್ಚೇನೂ ಬರಲಿಲ್ಲ.

ದೊಡ್ಡ ಲಾಭ ಬಂದದ್ದು ನಾವು ಹುಡುಕದ ಕಡೆಯಿಂದ. ಡಿಸೆಂಬರ್‌ನಲ್ಲಿ ಬೆಳಗಿನ ಶಿಫ್ಟ್‌ನ ರಿಜೆಕ್ಷನ್ ಏರುತ್ತಿತ್ತು. ಸೆಟ್ಟಿಂಗ್ ಮೇಲೆ ಎಲ್ಲರಿಗೂ ಅನುಮಾನ. ಬೆಂಚಿನಲ್ಲಿ ಕೂರುವ ಒಬ್ಬ ಅಕ್ಕ ಹೇಳಿದರು: "ಸರ್, ಬೆಳಿಗ್ಗೆ ಪೀಸು ಮುಟ್ಟಿ ನೋಡಿ, ತಣ್ಣಗಿರುತ್ತೆ. ಲೇಟಾಗಿ ಬೀಳುತ್ತೆ. ಅದನ್ನೇ ಮಧ್ಯಾಹ್ನ ಹಾಕಿದ್ರೆ ಪಾಸ್ ಆಗುತ್ತೆ."

ಅವರು ಹೇಳಿದ್ದು ನಿಜ. ಎಂಸಿಬಿಯನ್ನು ಹೊಂದಿಸುವುದು 30 ಡಿಗ್ರಿ ಸೆಲ್ಸಿಯಸ್ ಲೆಕ್ಕಕ್ಕೆ. ಬೆಂಗಳೂರಿನ ಚಳಿಗಾಲದ ಬೆಳಿಗ್ಗೆ ಅದರ ಅರ್ಧದಷ್ಟೇ ಇರುತ್ತದೆ. ತಣ್ಣಗಿನ ಪಟ್ಟಿ ಬಾಗಲು ಜಾಸ್ತಿ ಹೊತ್ತು ಬೇಕು. ಏಪ್ರಿಲ್ ಮಧ್ಯಾಹ್ನ ಶೀಟ್ ಚಾವಣಿಯ ಕೆಳಗೆ ಇದಕ್ಕೆ ಪೂರ್ತಿ ಉಲ್ಟಾ, ಬೇಗ ಬೀಳುತ್ತದೆ. ಬೆಂಗಳೂರಿನ ಹವೆ ಹಿತ ಅಂತ ಕೊಂಡಾಡುತ್ತೇವೆ. ಆದರೆ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಇರುವ ಅಂತರ ಈ ಕೆಲಸಕ್ಕೆ ಹಿತವಲ್ಲ. ಬೆಂಚಿನ ಸುತ್ತ ಪಾರ್ಟಿಷನ್ ಹಾಕಿಸಿ, ಒಳಗೆ ಒಂದೇ ಉಷ್ಣತೆ ಇರುವ ಹಾಗೆ ಮಾಡಿದೆವು. ಮಾರನೆಯ ಶಿಫ್ಟ್‌ನ ಟ್ರೇಗಳನ್ನು ಹಿಂದಿನ ರಾತ್ರಿಯೇ ಒಳಗೆ ಇಡುತ್ತೇವೆ. ಕಾರ್ಖಾನೆಗೆ ಭಾನುವಾರ ರಜೆ. ಹಾಗಾಗಿ ಸೋಮವಾರದ ಮೊದಲ ಶಿಫ್ಟ್‌ಗೆ ಬೇಗ ಬಂದು ಕೋಣೆ ಬಿಸಿ ಮಾಡುವ ಜವಾಬ್ದಾರಿ ಮೇಂಟೆನೆನ್ಸ್‌ನವರದು.

ಒಂದು ಆಂಪ್‌ನ ಎಂಸಿಬಿಯಿಂದ ಇನ್ನೊಂದಕ್ಕೆ ಹೋಗುವಾಗ ಸೆಟ್ಟಿಂಗ್ ಬದಲಿಸುವ ಹೊತ್ತನ್ನೂ ಇಳಿಸಿದೆವು. ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ ಹೇಳಿಕೊಟ್ಟ ದಾರಿ ಅದು: ಮಷಿನ್ ಓಡುತ್ತಿರುವಾಗಲೇ ಮಾಡಬಹುದಾದ ಕೆಲಸವನ್ನು ನಿಲ್ಲಿಸಿ ಮಾಡಬೇಡಿ. 6, 10, 16, 20, 32 ಆಂಪ್ ಹೀಗೆ ಏರಿಕೆ ಕ್ರಮದಲ್ಲಿ ಆರ್ಡರ್ ಜೋಡಿಸಿದ್ದೂ ಕೈ ಹಿಡಿಯಿತು.

ಜಗಳ ಆದದ್ದು ಕಾಯಿಲ್ ವೆಲ್ಡಿಂಗ್ ಮಷಿನ್ ನಿಲ್ಲಿಸಲು ಹೊರಟಾಗ. ಅದು ಬೆಂಚಿಗಿಂತ ವೇಗ. ಅದರ ಓಇಇ ಚೆನ್ನಾಗಿ ಕಾಣಲಿ ಅಂತ ಸದಾ ಓಡಿಸುತ್ತಿದ್ದರು. ಅದರಿಂದ ಬಂದ ಟ್ರೇಗಳೇ ಬೆಂಚಿನ ಮುಂದೆ ಗುಡ್ಡೆ ಬೀಳುತ್ತಿದ್ದದ್ದು. ಅಮೆರಿಕದ ಪ್ರೊಫೆಸರ್ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸರಳ ಲೆಕ್ಕವೊಂದಿದೆ. ಲೈನ್‌ನಲ್ಲಿ 12,000 ಪೀಸು ನಿಂತಿದ್ದು, ದಿನಕ್ಕೆ 4,000 ಹೊರಬಿದ್ದರೆ, ಇವತ್ತು ಒಳಗೆ ಹೋದ ಪೀಸು ಹೊರಬರಲು ಸರಾಸರಿ ಮೂರು ದಿನ. ಗುಡ್ಡೆ ಅರ್ಧವಾದರೆ ಒಂದೂವರೆ ದಿನ. ಇದನ್ನು ಬೋರ್ಡ್ ಮೇಲೆ ಬರೆದು ತೋರಿಸಿದೆ. ನೆಲದ ಮೇಲೆ ಹಳದಿ ಗೆರೆ ಎಳೆದು, ಆ ಜಾಗ ತುಂಬಿದರೆ ವೆಲ್ಡಿಂಗ್ ನಿಲ್ಲಬೇಕು ಅಂತ ಒಪ್ಪಿಸಿದೆ. ತಿಂಗಳ ಹಾಳೆಯಲ್ಲಿ ಆ ಮಷಿನ್‌ನ ಅಂಕಿ ಬಿತ್ತು. ಹೆಡ್ ಆಫೀಸಿನಿಂದ ಫೋನ್ ಬಂತು. ಅದೇ ತಿಂಗಳ ಡಿಸ್ಪ್ಯಾಚ್ ಪಟ್ಟಿ ಕಳಿಸಿದೆವು. ಆರ್ಡರ್‌ಗಳು ಹೇಳಿದ ದಿನಕ್ಕೆ ಹೊರಡಲು ಶುರುವಾಗಿದ್ದವು. ಈಗ ನಮ್ಮ ಲೈನ್‌ಗೆ ಕ್ಯಾಲಿಬ್ರೇಷನ್ ಬೆಂಚಿನ ಓಇಇ ಒಂದನ್ನೇ ಕೇಳುತ್ತಾರೆ.

ಇದೆಲ್ಲದರ ಜೊತೆ ಒಂದು ಮಾತನ್ನು ಕಾರ್ಮಿಕರಿಗೆ ಮೊದಲೇ ಕೊಟ್ಟಿದ್ದೆವು. ಲೈನ್ ಸಲೀಸಾಯಿತು ಅಂತ ಸುಮ್ನೆ ಟಾರ್ಗೆಟ್ ಏರಿಸುವುದಿಲ್ಲ, ಯಾರನ್ನೂ ತೆಗೆಯುವುದಿಲ್ಲ ಅಂತ. ಯೂನಿಯನ್‌ನವರ ಎದುರೇ ಮ್ಯಾನೇಜರ್ ಅದನ್ನು ಹೇಳಿದರು. ಆ ಮಾತಿಲ್ಲದಿದ್ದರೆ ಪೀಸು ತಣ್ಣಗಿದೆ ಅಂತ ಆ ಅಕ್ಕ ನನ್ನ ಹತ್ತಿರ ಬಂದು ಹೇಳುತ್ತಿದ್ದರಾ? ನನಗೆ ಹಾಗನ್ನಿಸುವುದಿಲ್ಲ.

ಮುಂದಿನ ಸರದಿ ತ್ರೀ ಪೋಲ್ ಲೈನ್‌ನದು, ಅಂದರೆ ಮೂರು ಫೇಸ್ ಕರೆಂಟಿಗೆ ಹಾಕುವ ಎಂಸಿಬಿಗಳದು. ಅಲ್ಲಿ ಟ್ರೇಗಳು ನಿಲ್ಲುವುದು ಮೂರು ಪೋಲ್ ಸೇರಿಸಿ ರಿವೆಟ್ ಹೊಡೆಯುವ ಕಡೆ. ಟೀ ವೇಳೆಯ ಸರದಿ ಅಲ್ಲೂ ಹಾಕಿದ್ದೇವೆ. ಉಳಿದದ್ದು ಇನ್ನೂ ಆಗಬೇಕು.