ಆಧಾರ್ ಜೆರಾಕ್ಸ್ ಕೊಡಲ್ಲ ಅಂದಿದ್ದು: ನನ್ನ ಅನುಭವ

ಜೆರಾಕ್ಸ್ ಅಂಗಡಿಯವರು ಲೆಕ್ಕ ಬರೆದುಕೊಟ್ಟ ಚೀಟಿಯನ್ನು ಮನೆಗೆ ಬಂದು ತಿರುಗಿಸಿ ನೋಡಿದರೆ, ಹಿಂದುಗಡೆ ಯಾರೋ ಹೆಣ್ಣುಮಗಳ ಆಧಾರ್. ಮುಖ ಕಪ್ಪಾಗಿ ಬಂತೆಂದು ಪಕ್ಕಕ್ಕೆ ಹಾಕಿದ ಪ್ರತಿ ಇರಬೇಕು. ಆದರೆ ಹೆಸರು, ಗಂಡನ ಹೆಸರು, ಮನೆ ನಂಬರು, 12 ಅಂಕೆ ಎಲ್ಲ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. ಅದನ್ನು ಹರಿದು ಒಲೆಗೆ ಹಾಕಿದೆ. ಕೇಳಿದಲ್ಲೆಲ್ಲ ಆಧಾರ್ ಪ್ರತಿ ಕೊಡುವುದನ್ನು ಅವತ್ತೇ ನಿಲ್ಲಿಸಿದೆ.

ಹೇಳುವಷ್ಟು ಸುಲಭವಾಗಿರಲಿಲ್ಲ. ಸಿಮ್ ತರಲು ಹೋದಾಗ ಡ್ರೈವಿಂಗ್ ಲೈಸೆನ್ಸ್ ಮುಂದಿಟ್ಟೆ. 'ಆಧಾರ್ ಆದ್ರೆ ಎರಡು ನಿಮಿಷ ಸಾರ್' ಅಂದ ಹುಡುಗ. ನಿಧಾನವಾದರೂ ಪರವಾಗಿಲ್ಲ ಅಂದು ಕೂತೆ. ಲಾಡ್ಜುಗಳಲ್ಲಿ ವೋಟರ್ ಕಾರ್ಡು ತೋರಿಸುತ್ತೇನೆ. ಆಧಾರೇ ಬೇಕೆಂದು ಹಟ ಹಿಡಿದರೆ ಕೊನೆಯ 4 ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ. ಪ್ಯಾನ್‌ಗೆ ಜೋಡಿಸುವುದನ್ನು ಮಾತ್ರ ತಪ್ಪಿಸಿಕೊಳ್ಳಲು ಆಗಲಿಲ್ಲ, ಅದನ್ನು ಸುಪ್ರೀಂ ಕೋರ್ಟೇ ಎತ್ತಿಹಿಡಿದಿದೆ.

ನಿಜವಾದ ಪರೀಕ್ಷೆ ಬಂದದ್ದು 2019ರಲ್ಲಿ, ಮಗಳನ್ನು ಒಂದನೇ ತರಗತಿಗೆ ಸೇರಿಸುವಾಗ. ಅರ್ಜಿಯಲ್ಲಿ ಮಗುವಿನ ಆಧಾರ್ ಕಾಲಂ ಖಾಲಿ ಬಿಟ್ಟಿದ್ದೆ. 'ಕಂಪ್ಯೂಟರ್ ತಗೊಳಲ್ಲ' ಎಂದು ಗುಮಾಸ್ತರು ವಾಪಸ್ ಕೊಟ್ಟರು. ಸೀಟು ಹೋದರೆ ಯಾರು ಹೊಣೆ ಅಂತ ಹೆಂಡತಿ ಕೇಳಿದಳು. ಅವಳ ಭಯ ಸುಳ್ಳಾಗಿರಲಿಲ್ಲ, ನನಗೂ ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಕೂತು ಒಂದು ಪುಟದ ಮನವಿ ಬರೆದೆ: ಶಾಲೆಗೆ ಸೇರುವುದು ಸಹಾಯಧನವೂ ಅಲ್ಲ, ಸೇವೆಯೂ ಅಲ್ಲ, ಹಾಗಾಗಿ ಪ್ರವೇಶಕ್ಕೆ ಆಧಾರ್ ಕಡ್ಡಾಯ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ 26-9-2018ರ ತೀರ್ಪಿನಲ್ಲಿದೆ, ಬೇಕೇ ಬೇಕೆಂದರೆ ಯಾವ ಕಾನೂನಿನ ಪ್ರಕಾರ ಎಂದು ದಯವಿಟ್ಟು ಬರಹದಲ್ಲಿ ತಿಳಿಸಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಂಡೆ. ಜಗಳ ಆಡಲಿಲ್ಲ, ದನಿ ಏರಿಸಲಿಲ್ಲ. ವಾರದ ಮೇಲೆ ಜನನ ಪ್ರಮಾಣಪತ್ರದ ಮೇಲೆಯೇ ಪ್ರವೇಶವಾಯಿತು. ಬಾಯಲ್ಲಿ 'ಕಡ್ಡಾಯ' ಅನ್ನುವವರು ಅದನ್ನೇ ಬರೆದುಕೊಡಿ ಅಂದರೆ ಹಿಂಜರಿಯುತ್ತಾರೆ.

ಈ ದಾರಿ ಮಾಡಿಕೊಟ್ಟವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು ಅವರ ಅರ್ಜಿಯ ಮೇಲೆಯೇ. ಮರುವರ್ಷ 4:1ರ ತೀರ್ಪಿನಲ್ಲಿ ಆಧಾರ್ ಉಳಿಯಿತು, ಬ್ಯಾಂಕು, ಮೊಬೈಲಿಗೆ ಕಡ್ಡಾಯವೆಂಬುದು ಬಿತ್ತು. ಇಡೀ ಕಾಯ್ದೆಯೇ ಅಸಾಂವಿಧಾನಿಕ ಎಂದವರು ನ್ಯಾ. ಚಂದ್ರಚೂಡ್ ಒಬ್ಬರೇ. ನನ್ನ ಮನಸ್ಸು ಅವರ ಕಡೆಗೇ. ರೇಷನ್ನು, ಬ್ಯಾಂಕು, ಫೋನು, ಆಸ್ಪತ್ರೆ ಎಲ್ಲಕ್ಕೂ ಒಂದೇ ನಂಬರಾದರೆ, ಒಬ್ಬ ಮನುಷ್ಯನ ಬದುಕನ್ನು ಒಂದೇ ದಾರದಲ್ಲಿ ಪೋಣಿಸಿ ನೋಡಬಹುದು. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಹೆಬ್ಬೆರಳು ಬದಲಿಸಲಾಗುತ್ತದೆಯೇ?

ಆದರೆ ಬೇಡ ಅನ್ನುವ ಆಯ್ಕೆಯೇ ಇಲ್ಲದವರು ಇದ್ದಾರೆ. ನಮ್ಮ ತುಮಕೂರು ಸೀಮೆಯ ಹಳ್ಳಿಯಲ್ಲಿ ದೊಡ್ಡಮ್ಮ ಒಬ್ಬರೇ ಇದ್ದಾರೆ. ವರ್ಷಗಟ್ಟಲೆ ಅಡಿಕೆ ಸುಲಿದ ಕೈ. ಬೆರಳ ತುದಿ ಸವೆದು ನುಣುಪಾಗಿದೆ, ಉಗುರ ಸಂದಿಯಲ್ಲಿ ಕರೆ ಹೋಗುವುದೇ ಇಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಅವರ ಜೊತೆ ನಿಂತಿದ್ದೆ. ಹೆಬ್ಬೆರಳು ಒತ್ತಿದರು, ಕೆಂಪು ದೀಪ. ಸೆರಗಿಗೆ ಒರೆಸಿ ಒತ್ತಿದರು. ಎಡಗೈ, ತೋರುಬೆರಳು, ಹೀಗೆ ಹತ್ತೂ ಬೆರಳು ಮುಗಿದವು. 'ಥಂಬ್ ಬರ್ತಿಲ್ಲ ಅಜ್ಜಿ, ನಾಳೆ ಬನ್ನಿ.' ಒಟಿಪಿ ಬರಲು ಅವರಲ್ಲಿ ಫೋನಿಲ್ಲ. 'ನನ್ ಕೈಯಲ್ಲೇ ಏನೋ ದೋಷ ಐತೆ ಕಣಪ್ಪ' ಅಂದರು. ಅಕ್ಕಿ ಸಿಗದ್ದಕ್ಕಿಂತ ಆ ಮಾತು ನನ್ನನ್ನು ಸುಟ್ಟಿತು.

ಅದೇ ಮಧ್ಯಾಹ್ನ ತಾಲ್ಲೂಕು ಕಚೇರಿಗೆ ಮನವಿ ಒಯ್ದೆ. ದೃಢೀಕರಣ ವಿಫಲವಾದ ಕಾರಣಕ್ಕೆ ಅರ್ಹರಿಗೆ ಸೌಲಭ್ಯ ತಪ್ಪುವುದಿಲ್ಲ ಎಂದು ಕೇಂದ್ರ ಸರ್ಕಾರದ ಪರ ವಕೀಲರಾದ ಅಟಾರ್ನಿ ಜನರಲ್ ನ್ಯಾಯಾಲಯಕ್ಕೆ ಕೊಟ್ಟ ಮಾತು ಅದೇ ತೀರ್ಪಿನಲ್ಲಿದೆ. ಆ ಸಾಲು ಬರೆದು, ಬೆರಳು ಒತ್ತಿದ ದಿನಾಂಕಗಳನ್ನೆಲ್ಲ ನಮೂದಿಸಿ, ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನನ್ನ ಪ್ರತಿಯ ಮೇಲೆ ಸ್ವೀಕೃತಿಯ ಸೀಲು ಪಡೆದೆ. ಮೂರು ಸಲ ಅಲೆದ ಮೇಲೆ ಸಹಿ ಹಾಕಿಸಿಕೊಂಡು ಅಕ್ಕಿ ಕೊಟ್ಟರು.

ನನ್ನ ಬಯೋಮೆಟ್ರಿಕ್ ಅನ್ನು, ಅಂದರೆ ಬೆರಳಚ್ಚು, ಕಣ್ಣಿನ ಗುರುತನ್ನು, ಆಧಾರ್ ಆ್ಯಪಿನಲ್ಲಿ ಲಾಕ್ ಮಾಡಿಟ್ಟಿದ್ದೇನೆ. ನಮ್ಮ ಆಧಾರ್ ದೃಢೀಕರಣಕ್ಕೆ ಎಲ್ಲೆಲ್ಲಿ ಬಳಕೆಯಾಗಿದೆ ಎಂಬುದೂ ಅದರಲ್ಲಿ ಕಾಣುತ್ತದೆ, ಆಗಾಗ ನೋಡಿ. ಆದರೆ ರೇಷನ್ನಿಗೆ ಬೆರಳು ಒತ್ತುವ ಹಿರಿಯರದ್ದನ್ನು ಲಾಕ್ ಮಾಡಬೇಡಿ, ಅಂಗಡಿಯಲ್ಲಿ ಬರುವ ಥಂಬೂ ನಿಂತುಹೋಗುತ್ತದೆ.

ತಾಲ್ಲೂಕು ಕಚೇರಿಯ ಸೀಲು ಬಿದ್ದ ಆ ಮನವಿಯ ಪ್ರತಿಯನ್ನು ದೊಡ್ಡಮ್ಮ ನಾಲ್ಕು ಮಡಿಕೆ ಮಾಡಿ ರೇಷನ್ ಕಾರ್ಡಿನ ಕವರಿನಲ್ಲಿ ಇಟ್ಟುಕೊಂಡಿದ್ದಾರೆ. ಹೋದ ತಿಂಗಳು ಮೊದಲ ಸಲಕ್ಕೇ ಥಂಬ್ ಬಂತಂತೆ. ಆದರೂ ಕಾಗದ ಬಿಟ್ಟು ಅಂಗಡಿಗೆ ಹೋಗುವುದಿಲ್ಲ.