ದುಬೈನಲ್ಲಿ ಬಾಣಂತನ, ಜೊತೆಗೆ ಊರಿನ ಪರಿಚಯ

ಮೈಸೂರಿನ ನಮ್ಮ ಸರಸ್ವತಿಪುರಂನಲ್ಲಿ ಮಗಳ ಬಾಣಂತನಕ್ಕೆ ಪರದೇಶಕ್ಕೆ ಹೋಗಿಬಂದ ತಾಯಂದಿರು ರಸ್ತೆಗೊಬ್ಬರು ಸಿಗುತ್ತಾರೆ. ಹೆಚ್ಚಿನವರ ಕಥೆ ಒಂದೇ. ವಾರವೆಲ್ಲ ಮನೆಯೊಳಗೆ, ರಜೆ ದಿನ ಅಳಿಯ ಕಾರಿನಲ್ಲಿ ಕೂರಿಸಿಕೊಂಡು ಹೋಗಿ ತೋರಿಸಿದ ನಾಲ್ಕು ಜಾಗ, ಅಲ್ಲೊಂದಷ್ಟು ಫೋಟೊ. ದುಬೈಗೆ ಹೊರಡುವಾಗ ನಾನು ಮಗಳಿಗೆ ಮೊದಲೇ ಹೇಳಿಬಿಟ್ಟೆ: "ಮನೆಗೆ ಸಾಮಾನು ತರೋ ಕೆಲಸ ನಂದು. ನನ್ನನ್ನ ಎಲ್ಲೂ ಸುತ್ತಾಡಿಸಬೇಡಿ." ಕೈಯಲ್ಲಿ ಚೀಲ, ಚೀಟಿ ಇದ್ದರೆ ಯಾವ ಊರಿನವರೂ ನಮ್ಮನ್ನು ಪ್ರವಾಸಿ ಅಂತ ನೋಡುವುದಿಲ್ಲ ಅನ್ನುವುದು ನನ್ನ ಲೆಕ್ಕ.

ಮಗಳ ಮನೆ ಕರಾಮಾದಲ್ಲಿ. ಟೀವಿಯಲ್ಲಿ ಕಾಣುವ ಗಾಜಿನ ದುಬೈ ಅಲ್ಲ ಇದು. ಹೆಚ್ಚು ಎತ್ತರವಿಲ್ಲದ ಹಳೇ ಕಟ್ಟಡಗಳು, ಕೆಳಗೆ ಟೈಲರು, ಕ್ಷೌರದಂಗಡಿ, ದೋಸೆ ಹೋಟೆಲು. ಕಟ್ಟಡದ ಬುಡದಲ್ಲೇ ಒಂದು ಗ್ರೋಸರಿ. ಅಲ್ಲಿ ಬದುಕುವವರಿಗೆ ಬುರ್ಜ್ ಖಲೀಫಾಗಿಂತ ಈ ಗ್ರೋಸರಿ ಮುಖ್ಯ. ಫೋನ್ ಮಾಡಿದರೆ ಒಂದು ಕಟ್ಟು ಕೊತ್ತಂಬರಿಯನ್ನೂ ಮನೆ ಬಾಗಿಲಿಗೆ ತಂದುಕೊಡುತ್ತಾರೆ. ಗೊತ್ತಿರುವವರಿಗೆ ತಿಂಗಳ ಲೆಕ್ಕ ಬರೆದಿಡುತ್ತಾರೆ. ನಾನು ಮಾತ್ರ ಫೋನ್ ಮಾಡದೆ ಬೆಳಿಗ್ಗೆ ಇಳಿದೇ ಹೋಗುತ್ತಿದ್ದೆ. ಅಂಗಡಿಯ ಹುಡುಗ ಕೇರಳದವನು. ಅವನದು ಮಲಯಾಳಂ ಹಿಂದಿ, ನನ್ನದು ಮೈಸೂರು ಹಿಂದಿ. ವ್ಯಾಕರಣ ಇಬ್ಬರಿಗೂ ಇಲ್ಲ, ವ್ಯವಹಾರಕ್ಕೆ ತೊಂದರೆಯೂ ಇಲ್ಲ. ಅಲ್ಲಿಯ ಮಜ್ಜಿಗೆ, ಲಬನ್, ತೋರಿಸಿಕೊಟ್ಟವನು ಅವನೇ. ಸ್ವಲ್ಪ ಗಟ್ಟಿ. ನೀರು ಬೆರೆಸಿ ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟರೆ ನಮ್ಮ ನೀರುಮಜ್ಜಿಗೆಗೆ ಏನೂ ಕಮ್ಮಿಯಿಲ್ಲ.

ಊರಿನವರ ಹಾಗೆ ಇರಬೇಕು ಅಂದರೆ, ಅಲ್ಲಿ ಊರಿನವರು ಯಾರು ಅನ್ನುವುದೇ ಒಂದು ಪ್ರಶ್ನೆ. ಆ ದೇಶದ ಪೌರರು ಹತ್ತು ಜನರಲ್ಲಿ ಒಬ್ಬರ ಆಸುಪಾಸು. ಮಿಕ್ಕವರೆಲ್ಲ ದುಡಿಯಲು ಬಂದವರು. ಕನ್ನಡ ಕಿವಿಗೆ ಬಿದ್ದರೂ ಅದು ಹೆಚ್ಚಾಗಿ ಮಂಗಳೂರು, ಉಡುಪಿ, ಭಟ್ಕಳ ಕಡೆಯದು. ಬಾಯಿ ತೆರೆದ ಕೂಡಲೆ "ನೀವು ಮೈಸೂರಿನವರಾ?" ಅಂತ ಕೇಳಿದವರೂ ಉಂಟು, ಅವರದೇ ಮಾತಿನಲ್ಲಿ ಹೇಳುವುದಾದರೆ.

ಓಡಾಟಕ್ಕೆ ನೋಲ್ ಕಾರ್ಡ್ ಮಾಡಿಸಿಕೊಂಡೆ. 25 ದಿರ್ಹಮ್ ಕೊಟ್ಟರೆ ಅದರಲ್ಲಿ 19 ಖರ್ಚಿಗೆ ಸಿಗುತ್ತದೆ. ಮೆಟ್ರೊ, ಬಸ್ಸು ಎರಡಕ್ಕೂ ಅದೇ. ಹತ್ತಿರಕ್ಕಾದರೆ 3, ಎಷ್ಟು ದೂರ ಹೋದರೂ ಏಳೂವರೆ ದಿರ್ಹಮ್. 2009ರಲ್ಲಿ ಶುರುವಾದ ಈ ರೈಲಿಗೆ ಡ್ರೈವರೇ ಇಲ್ಲ. ಹೆಂಗಸರು, ಮಕ್ಕಳಿಗೆ ಬೇರೆ ಜಾಗ ಇದೆ. ಸಂಜೆ ನೂಕುನುಗ್ಗಲಿನಲ್ಲಿ ಅದೊಂದು ದೊಡ್ಡ ಉಪಕಾರ. ಒಳಗೆ ಏನೂ ತಿನ್ನುವ ಹಾಗಿಲ್ಲ, ನೀರು ಕುಡಿದರೂ ದಂಡ. ರಸ್ತೆಯನ್ನು ಎಲ್ಲೆಂದರಲ್ಲಿ ದಾಟಿದರೆ 400 ದಿರ್ಹಮ್. ಅಗ್ರಹಾರ ಸರ್ಕಲ್‌ನಲ್ಲಿ ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸಿ ದಾಟುವ ನನ್ನಂಥವಳಿಗೆ ಕಾಲು ಕಟ್ಟಿಹಾಕಿದ ಹಾಗಾಯಿತು! ಮಗುವಿನ ಬಟ್ಟೆ ಬಾಲ್ಕನಿಯಲ್ಲಿ ಒಣಹಾಕಲು ಹೋದಾಗ ಮಗಳು ಓಡಿ ಬಂದಳು. ಊರಿನ ಅಂದ ಕೆಡುತ್ತದೆ ಅಂತ ಅದಕ್ಕೂ ದಂಡ ಹಾಕಬಹುದಂತೆ. ಬಿಸಿಲು ಅಷ್ಟು ಬೀಳುವ ಊರಿನಲ್ಲಿ ಕಚ್ಚೆಬಟ್ಟೆ ರೂಮಿನೊಳಗೆ ಒಣಗಿಸುವುದು ನನಗಂತೂ ಕೊನೆಯವರೆಗೂ ಒಗ್ಗಲಿಲ್ಲ.

ಬಾಣಂತಿ ಮನೆಯ ಸಾಮಾನಿನ ಪಟ್ಟಿಯೇ ನನಗೆ ಹಳೇ ದುಬೈ ತೋರಿಸಿತು. ಸಬ್ಬಸಿಗೆ ಸೊಪ್ಪು ಸಿಗುತ್ತದೋ ಇಲ್ಲವೋ ಅಂತ ಚಿಂತೆಯಿತ್ತು. ಅರಬ್ಬರ ಅಡುಗೆಗೂ ಅದು ಬೇಕು, ಹಾಗಾಗಿ ದೇರಾದ ವಾಟರ್‌ಫ್ರಂಟ್ ಮಾರ್ಕೆಟ್‌ನಲ್ಲಿ ಕಟ್ಟು ಕಟ್ಟೇ ಇತ್ತು. ಓಮ, ಮೆಂತ್ಯ, ಒಣಶುಂಠಿ ಎಲ್ಲ ಕರಾಮಾದಲ್ಲೇ ಆಯಿತು. ಉಳಿದದ್ದು ಸಾಂಬ್ರಾಣಿ. ಮಗುವಿಗೆ ನೀರೆರೆದ ಮೇಲೆ ಹೊಗೆ ತೋರಿಸದಿದ್ದರೆ ನನಗೆ ಸಮಾಧಾನವಿಲ್ಲ.

ಅದಕ್ಕೆ ಬರ್ ದುಬೈನಿಂದ ಅಬ್ರಾ ಹತ್ತಿದೆ. ಅಬ್ರಾ ಅಂದರೆ ಕ್ರೀಕ್ ದಾಟಿಸುವ ಮರದ ದೋಣಿ. ಕ್ರೀಕ್ ಅಂದರೆ ಊರೊಳಗೆ ಚಾಚಿಕೊಂಡ ಸಮುದ್ರದ ಹಿನ್ನೀರು. ನಡುವಿನ ಹಲಗೆ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಾರೆ. ದೋಣಿ ತುಂಬಿದ ಮೇಲೆಯೇ ಹೊರಡುವುದು. ಒಂದು ದಿರ್ಹಮ್ ನಾಣ್ಯ ಕೈಯಲ್ಲೇ ಹಿಡಿದಿರಬೇಕು, ದೋಣಿಯವನು ನಡುದಾರಿಯಲ್ಲಿ ವಸೂಲಿ ಮಾಡುತ್ತಾನೆ. ದುಡ್ಡು ಸುರಿದು ದೀಪದ ದೋಣಿಯಲ್ಲಿ ಊಟ ಮಾಡುತ್ತಾ ಪ್ರವಾಸಿಗರು ನೋಡುವುದೂ ಇದೇ ನೀರನ್ನೇ. ದೇರಾ ದಡದಲ್ಲಿ ಸರಕಿನ ಹಡಗುಗಳು ನಿಂತಿರುತ್ತವೆ. ಫ್ರಿಜ್ಜು, ಟೈರು, ಅಕ್ಕಿ ಮೂಟೆ ಎಲ್ಲ ದಂಡೆಯ ಮೇಲೇ ರಾಶಿ.

ಮಸಾಲೆ ಸೂಕ್‌ನ, ಅಂದರೆ ಮಸಾಲೆ ಪೇಟೆಯ, ಬಾಗಿಲಲ್ಲಿ ನಿಂತು ಕರೆಯುವ ಅಂಗಡಿಗಳನ್ನು ಬಿಟ್ಟು ಒಳಗಲ್ಲಿಯ ಒಬ್ಬ ಇರಾನಿ ಮುದುಕರ ಅಂಗಡಿಗೆ ಹೋದೆ. ಅವರು ಲೋಬಾನದ, ಅಂದರೆ ಅಲ್ಲಿಯ ಸಾಂಬ್ರಾಣಿಯ, ಮೂರು ಡಬ್ಬಿ ತೆರೆದರು. ಒಂದರಲ್ಲಿ ಕಂದು ಬಣ್ಣದ ಹುಡಿ ಹುಡಿ. ಇನ್ನೊಂದರಲ್ಲಿ ಹಳದಿ. ಮೂರನೆಯದರಲ್ಲಿ ಹಸಿರು ಛಾಯೆಯ ಬಿಳಿ ಹರಳು. ಓಮನ್‌ನ ಧೋಫಾರ್ ಕಡೆಯದು, ಬೆಲೆಯೂ ಅದಕ್ಕೇ ಜಾಸ್ತಿ. ಉಗುರಿನಲ್ಲಿ ಕೆರೆದು ಮೂಗಿಗೆ ಹಿಡಿದರು. ನಿಂಬೆಸಿಪ್ಪೆಯ ವಾಸನೆ! ನಮ್ಮ ಸಾಂಬ್ರಾಣಿಯ ಸಿಹಿ ಇಲ್ಲ, ಆದರೆ ಹಗುರ. ಮಗುವಿಗೆ ಅಂದ ಕೂಡಲೆ ದುಬಾರಿ ಡಬ್ಬಿ ಮುಚ್ಚಿ ಹಳದಿಯದನ್ನೇ ಒಂದು ಹಿಡಿ ತೂಗಿದರು. ಹಿಂದಿ ನನಗಿಂತ ಚೆನ್ನಾಗಿ ಬರುತ್ತಿತ್ತು. ಅವರ ತಂದೆ ಬಾಂಬೆ ಜೊತೆ ವ್ಯಾಪಾರ ಮಾಡುತ್ತಿದ್ದರಂತೆ. 1966ರವರೆಗೆ ಆ ಕಡೆ ಭಾರತ ಹೊರಡಿಸಿದ ರೂಪಾಯಿಯೇ ಓಡುತ್ತಿತ್ತು, ಆ ಕಾಲದ ಮಾತು. ಚೌಕಾಸಿಗೆ ಮನಸ್ಸು ಬರಲಿಲ್ಲ.

ಮನೆಯಲ್ಲಿ ಮಗಳಿಗೆ ಫೈರ್ ಅಲಾರಂ ಹೊಡೆದುಕೊಳ್ಳುವ ಭಯ. ಅರಬ್ಬರ ಮನೆಯಲ್ಲಿ ದಿನಾ ಬಖೂರ್ ಅನ್ನುವ ಧೂಪದ ಹೊಗೆ ಹಾಕುತ್ತಾರೆ, ಅವರಿಗಿಲ್ಲದ ಭಯ ನಿನಗೇನೇ ಅಂದೆ. ಅಡುಗೆಮನೆಯ ಎಕ್ಸಾಸ್ಟ್ ಹಾಕಿ, ಕಡಲೆಕಾಳಿನಷ್ಟು ಹರಳು ಕೆಂಡಕ್ಕೆ ಇಟ್ಟೆ. ಏನೂ ಆಗಲಿಲ್ಲ.

ಹೊತ್ತು ನೋಡಿ ಹೊರಡುವುದು ಮುಖ್ಯ. ಹಳೇ ಪೇಟೆಯಲ್ಲಿ ಮಧ್ಯಾಹ್ನ ಎಷ್ಟೋ ಅಂಗಡಿ ಬಾಗಿಲು ಹಾಕಿ, ಸಂಜೆ ನಾಲ್ಕರ ಮೇಲೆ ತೆರೆಯುತ್ತವೆ. ರಾತ್ರಿ ಹತ್ತಾದರೂ ಜನ. 2022ರಿಂದ ವಾರದ ರಜೆ ಶನಿವಾರ, ಭಾನುವಾರ. ಶುಕ್ರವಾರ ಸರ್ಕಾರಿ ಕಚೇರಿಗಳಿಗೆ ಅರ್ಧ ದಿನ. ಶುಕ್ರವಾರ ಮಧ್ಯಾಹ್ನ ಪೇಟೆಗೆ ಹೋಗದಿರುವುದೇ ಒಳ್ಳೆಯದು.

ಸಂಜೆ ಹೊತ್ತು ಝಬೀಲ್ ಪಾರ್ಕಿಗೆ ಹೋಗುತ್ತಿದ್ದೆ, ಒಳಗೆ ಬಿಡಲು 5 ದಿರ್ಹಮ್, ಅದೂ ನೋಲ್ ಕಾರ್ಡಿನಲ್ಲೇ. ಅಲ್ಲಿ ಬೆಂಚಿನ ಮೇಲೆ ನನ್ನ ಹಾಗೇ ಬಾಣಂತನಕ್ಕೆ ಬಂದವರು ಸಿಕ್ಕರು. ಗುಂಟೂರಿನವರು, ಸೂರತ್ತಿನವರು, ಲಾಹೋರಿನವರು. ಬುರ್ಜ್ ಖಲೀಫಾ ಅಲ್ಲಿಂದ ಕಾಣುತ್ತದೆ, 828 ಮೀಟರ್ ಎತ್ತರ ಕಾಣದೆ ಏನು. ಅದರ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ. ಮಾತೆಲ್ಲ ಹಾಲು ಬರಲು ಏನು ಕೊಡಬೇಕು, ಸೊಸೆ ಯಾಕೆ ತಿನ್ನಲ್ಲ ಅನ್ನುವುದೇ. ಲಾಹೋರಿನಾಕೆ ಗೋಧಿಹಿಟ್ಟು, ತುಪ್ಪ, ಗೋಂದು, ಬಾದಾಮಿ ಹಾಕಿ ಮಾಡಿದ ಪಂಜೀರಿ ತಂದರು. ನಾನು ಅಂಟಿನುಂಡೆ ಮಾಡಿಕೊಂಡು ಹೋದೆ. ಕೊಬ್ಬರಿ ಯಾಕೆ ಇಷ್ಟೊಂದು ಅಂತ ಆಕೆಯ ಆಕ್ಷೇಪಣೆ, ಬೆಲ್ಲ ಯಾಕಿಲ್ಲ ಅಂತ ನನ್ನದು. ಮಾರನೆಯ ದಿನ ಆಕೆ ಬೆಲ್ಲ ಹಾಕಿಯೇ ಮಾಡಿ ತಂದರು.